ಏಪ್ರಿಲ್ ತಿಂಗಳ ಜಮಾ-ಖರ್ಚು

ಮಾರ್ಚ್ 31 ಸಮೀಪಿಸಿತೆಂದರೆ ನಮ್ಮಂಥ ಸರಕಾರಿ ಗುಮಾಸ್ತರಿಗೆ ಹಬ್ಬವೂ ಇಲ್ಲ, ಹುಣ್ಣಿಮೆಯೂ ಇಲ್ಲ. ವರ್ಷದ ಲೆಕ್ಕ ಮುಗಿಸಿ ಲೋಕಲ್ ಹಿಡಿದು ಅಂಬರನಾಥದಲ್ಲಿ ಇಳಿಯುವಾಗ ಮಧ್ಯರಾತ್ರಿಯಾಗಿರುತ್ತದೆ. ಕೆಲವು ವರ್ಷಗಳ ಹಿಂದೆ ಹಾಗೆ ಬಂದ ಮರುದಿನ ಬೆಳಿಗ್ಗೆ ನಮ್ಮ ಮಗಳು ಒಂದು ಹಾಳೆ ಹಿಡಿದು ಎದುರು ನಿಂತಳು. ಶಾಲೆಯ ಫಲಕದ ಮೇಲೆ ‘ದಿನವಿಶೇಷ’ ಬರೆಯುವ ಸರದಿ ಆ ತಿಂಗಳು ಅವಳದಾಗಿತ್ತು. 11ಕ್ಕೆ ಮಹಾತ್ಮಾ ಫುಲೆಯವರ ಜಯಂತಿ, 13ಕ್ಕೆ ಜಲಿಯನ್‌ವಾಲಾಬಾಗ್, 14ಕ್ಕೆ ಅಂಬೇಡ್ಕರ್ ಜಯಂತಿ, 16ಕ್ಕೆ ಠಾಣೆಗೆ ಬಂದ ಮೊದಲ ರೈಲು. ಇಷ್ಟನ್ನು ಬರೆದುಕೊಂಡು ಕೇಳಿದಳು: “ಅಪ್ಪಾ, ಏಪ್ರಿಲ್‌ನಲ್ಲಿ ನಮ್ಮ ಕಡೆ ಏನೂ ಆಗಲೇ ಇಲ್ಲವೇ?”

ವಿಜ್ಞಾನದ ಪದವೀಧರರಾದ ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅದೇ ನಾಚಿಕೆಯಿಂದ ಪುಸ್ತಕ ತೆರೆದೆವು. ಬ್ರಿಟಿಷರ ಆಳ್ವಿಕೆಯ ಚರಿತ್ರೆಯಲ್ಲಿ ಏಪ್ರಿಲ್ ತಿಂಗಳಿಗೂ ಕನ್ನಡ ನಾಡಿಗೂ ಇರುವ ನಂಟು ಅಷ್ಟಿಷ್ಟಲ್ಲ ಎಂಬುದು ಆಗ ತಿಳಿಯಿತು.

ಮೊದಲು ಈ ಏಪ್ರಿಲ್ ಒಂದನೆಯ ತಾರೀಖನ್ನೇ ನೋಡೋಣ. ಇಂಗ್ಲೆಂಡಿನಲ್ಲಿ ಹಿಂದೆ ವರ್ಷಾರಂಭ ಮಾರ್ಚ್ 25ಕ್ಕೆ. 1752ರಲ್ಲಿ ಪಂಚಾಂಗವನ್ನು ಸೂರ್ಯನ ಗತಿಗೆ ಸರಿಹೊಂದಿಸಲು ಅವರು 11 ದಿನಗಳನ್ನು ಕೈಬಿಟ್ಟರು. ಸೆಪ್ಟೆಂಬರ್ 2 ಆದ ಮರುದಿನ ಸೆಪ್ಟೆಂಬರ್ 14! ತೆರಿಗೆಯಲ್ಲಿ ಮಾತ್ರ ಒಂದು ದಿನವನ್ನೂ ಬಿಡಲೊಲ್ಲದೆ ಲೆಕ್ಕದ ವರ್ಷವನ್ನೇ ಮುಂದಕ್ಕೆ ತಳ್ಳಿದರು. ಅಲ್ಲಿನ ಆದಾಯ ತೆರಿಗೆಯ ವರ್ಷ ಇಂದಿಗೂ ಏಪ್ರಿಲ್ 6ಕ್ಕೆ ಆರಂಭವಾಗುವುದು ಈ ಕಾರಣದಿಂದ. ಭಾರತ ಸರಕಾರದ ಲೆಕ್ಕ ಮೊದಲು ಮೇ 1ರಿಂದ ನಡೆಯುತ್ತಿತ್ತು. 1867ರಲ್ಲಿ ಅದನ್ನು ಏಪ್ರಿಲ್ 1ಕ್ಕೆ ತಂದರು. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಅವರ ಯುಗಾದಿಯೂ ಬಂದು ಕುಳಿತದ್ದು ಹೀಗೆ. ಸರಕಾರವೆಂದರೆ ಲೆಕ್ಕ, ಲೆಕ್ಕವೆಂದರೆ ಕಂದಾಯ. ಕನ್ನಡಿಗರು ಏಪ್ರಿಲ್‌ನಲ್ಲಿ ಆಂಗ್ಲರೊಡನೆ ಜಗಳವಾಡಿದ್ದೂ ಬಹುಮಟ್ಟಿಗೆ ಇದೇ ಕಂದಾಯಕ್ಕಾಗಿ.

1799ರ ಏಪ್ರಿಲ್ 5ರಂದು ಜನರಲ್ ಹ್ಯಾರಿಸನ ಸೈನ್ಯ ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಿತು. ಮೇ 4ರಂದು ಟಿಪ್ಪು ಸುಲ್ತಾನ್ ಮಡಿದನು, ಕೋಟೆ ಬಿದ್ದಿತು. 1834ರ ಏಪ್ರಿಲ್‌ನಲ್ಲಿ ಕೊಡಗಿನ ಸರದಿ. ಮಡಿಕೇರಿ ಕಂಪನಿಯ ವಶವಾಗಿ, ಅರಸ ಚಿಕವೀರರಾಜೇಂದ್ರ ಶರಣಾಗಿ ಕಾಶಿಗೆ ಸಾಗಬೇಕಾಯಿತು. ಮಾಸ್ತಿಯವರ ಕಾದಂಬರಿಯ ಮೂಲಕ ಈ ಕಥೆ ವಾಚಕರಿಗೆ ಪರಿಚಿತವೇ ಆಗಿದೆ.

ಆದರೆ ಅದರ ಮುಂದಿನ ಅಧ್ಯಾಯ ಅಷ್ಟು ಪರಿಚಿತವಲ್ಲ. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಕೆನರಾ ಜಿಲ್ಲೆಗೆ ಜೋಡಿಸಿತು. ಅರಸರ ಕಾಲದಲ್ಲಿ ಬೆಳೆದ ಬೆಳೆಯನ್ನೇ ಅಳೆದು ಕೊಡುತ್ತಿದ್ದ ರೈತ, ಇನ್ನು ಕಂದಾಯವನ್ನು ನಗದು ಹಣದಲ್ಲೇ ಕಟ್ಟಬೇಕಾಯಿತು. ಕಾಗದದ ಮೇಲೆ ಇದು ಸಣ್ಣ ತಿದ್ದುಪಡಿ. ಆದರೆ ಕೈಯಲ್ಲಿ ಕಾಸಿಲ್ಲದವನು ಕಾಸು ತರಲು ಸಾಹುಕಾರನ ಮನೆಗೇ ಹೋಗಬೇಕು. ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರವೂ ಕಂಪನಿಯ ಹಿಡಿತದಲ್ಲಿತ್ತು. 1837ರ ಮಾರ್ಚ್ ಕೊನೆಗೆ ಜನ ಎದ್ದರು. ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ ಮೊದಲಾದವರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡು ಹೊರಟಿತು. ಬೆಳ್ಳಾರೆಯ ಖಜಾನೆ ಕೈವಶವಾಯಿತು. ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿದು ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿದರು. ಅಂದಿನಿಂದ ಅದು ಬಾವುಟಗುಡ್ಡ. ಸುಮಾರು ಎರಡು ವಾರ ಮಂಗಳೂರು ರೈತರ ಕೈಯಲ್ಲಿತ್ತು! ಬಳಿಕ ಕಂಪನಿಯ ಪಡೆ ಬಂದಿತು, ನಾಯಕರು ಗಲ್ಲಿಗೇರಿದರು. ಜನರ ಬಾಯಲ್ಲಿ ಇದು ‘ಕಲ್ಯಾಣಪ್ಪನ ಕಾಟಕಾಯಿ’ ಆಗಿ ಉಳಿಯಿತು. ಪ್ರಸಿದ್ಧವಾದ 1857ಕ್ಕಿಂತ ಇದು 20 ವರ್ಷ ಹಿಂದಿನದು. ರಾಮಯ್ಯಗೌಡರ ಪ್ರತಿಮೆ ಬಾವುಟಗುಡ್ಡದಲ್ಲಿ ನಿಂತದ್ದು 2022ರಲ್ಲಿ.

ಲೆಕ್ಕ ಬರೆಯುವವರು ಜಮೆಯ ಕಡೆಯನ್ನೂ ನೋಡಬೇಕು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ 14 ಡಬ್ಬಿಗಳಲ್ಲಿ ಸುಮಾರು 400 ಅತಿಥಿಗಳನ್ನು ಹೊತ್ತು, 21 ತೋಪುಗಳ ಸಲಾಮಿಯೊಡನೆ ಹೊರಟ ರೈಲು 34 ಕಿಲೋಮೀಟರು ಓಡಿ ಠಾಣೆ ಮುಟ್ಟಿತು. ಮರುವರ್ಷ ಕಲ್ಯಾಣಕ್ಕೂ ಹಳಿ ಬಂದಿತು. ನಮ್ಮ ಅಂಬರನಾಥದ ಮುಂದೆ ಹಾಯುವ ಹಳಿ ಬೋರಘಾಟವನ್ನೇರಿದ್ದು 1863ರಲ್ಲಿ. ಅದರ ಉದ್ಘಾಟನೆಯೂ ಏಪ್ರಿಲ್ 21ಕ್ಕೇ. ಘಾಟಿನಲ್ಲಿ ಬಂಡೆ ಒಡೆದ ಸಹಸ್ರಾರು ಕೂಲಿಕಾರರಲ್ಲಿ ಕಾಲರಾ ಮುಂತಾದ ಬೇನೆಗಳಿಗೆ ಬಲಿಯಾದವರು ಅನೇಕರು. ಅವರ ಹೆಸರುಗಳು ಎಲ್ಲಿಯೂ ಇಲ್ಲ. ಆ ಹಳಿ ಇಲ್ಲದಿದ್ದರೆ ನಾವಾರೂ ಇಲ್ಲಿಗೆ ಬಂದು ನೌಕರಿ ಹಿಡಿಯುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮತ್ತೆ ತೆರಿಗೆಯ ಮಾತಿಗೇ ಬರೋಣ. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪೆತ್ತಿದ ವಾರದಲ್ಲೇ, 13ರಂದು, ಅಂಕೋಲೆಯ ಜನ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿದರು. ಮುಂದೆ ಅದೇ ಸೀಮೆಯ ರೈತರು ಕರ ನಿರಾಕರಿಸಿ ಹೊಲಮನೆ ಕಳೆದುಕೊಂಡರು. ದಂಡಿಗೆ ಗಾಂಧೀಜಿಯವರೊಡನೆ ನಡೆದ ತಂಡದಲ್ಲಿ ಕರ್ನಾಟಕದಿಂದ ಇದ್ದವನು ಒಬ್ಬನೇ ತರುಣ: ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ಚಲೇಜಾವ್ ಚಳವಳಿಯಲ್ಲಿ ಅವರು ಹಾವೇರಿ ಸೀಮೆಯ ಹೊಸರಿತ್ತಿಯಲ್ಲಿ ಸರಕಾರದ ಕಂದಾಯ ವಸೂಲಿಯ ಠಾಣ್ಯಕ್ಕೆ ಸಂಗಾತಿಗಳೊಡನೆ ನುಗ್ಗಿದರು. ಪೋಲೀಸರ ಗುಂಡಿಗೆ ಅವರೂ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಜೊತೆಗಾರರೂ ಬಲಿಯಾದರು. ಮಹದೇವಪ್ಪನವರಿಗೆ ಆಗ 31 ವರ್ಷ. ಆ ದಿನ 1943ರ ಏಪ್ರಿಲ್ 1. ಸರಕಾರದ ಹೊಸ ಲೆಕ್ಕದ ಮೊದಲನೆಯ ದಿನ!

ಇಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಆ ಕಾಲಕ್ಕೆ ಅಂಕೋಲೆ, ಹೊಸರಿತ್ತಿ, ಅಂಬರನಾಥ ಮೂರೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ರವರೆಗೂ ಹಾಗೆಯೇ. ಹೊಸರಿತ್ತಿಯ ರೈತನಿಂದ ವಸೂಲಾದ ರೂಪಾಯಿ ಸಲ್ಲುತ್ತಿದ್ದುದು ಮುಂಬಯಿ ಸರಕಾರಕ್ಕೇ. ಆದ್ದರಿಂದ ಮಹದೇವಪ್ಪನವರ ಕಥೆ ದೂರದ ಊರಿನದಲ್ಲ. ಠಾಣೆಯ ರೈಲಿನ ಜೊತೆಯಲ್ಲೇ ಈ ಊರಿನ ಮಕ್ಕಳು ಓದಬೇಕಾದದ್ದು.

ಮಗಳಿಗೆ ಇದನ್ನೆಲ್ಲ ಹೇಳಿದೆವು. ಏಪ್ರಿಲ್ 1 ಆಗಲೇ ಕಳೆದುಹೋಗುತ್ತಿತ್ತು. 5ನೆಯ ತಾರೀಖು ಅವಳು ಫಲಕದ ಮೇಲೆ ಮರಾಠಿಯಲ್ಲಿ ಮಂಗಳೂರಿನ ಬಾವುಟದ ಸಂಗತಿ ಬರೆದಳು. ಕಲ್ಯಾಣಪ್ಪನೆಂದರೆ ನಮ್ಮ ಪಕ್ಕದ ಕಲ್ಯಾಣದವನೇ ಎಂದು ಹುಡುಗರು ಕೇಳಿದರಂತೆ! ಅಲ್ಲವೆಂದು ವಿವರಿಸಿ ಬಂದಳು. ಮರುದಿನ ಫಲಕ ಒರೆಸಿಹೋಯಿತು, ಅದು ಸಹಜವೇ.

ಫಲಕ ಒರೆಸಿದರೂ ಮನೆಯಲ್ಲಿ ಲೆಕ್ಕ ಇಟ್ಟಿರಬೇಕು. ಊರಿಗೆ ಹುಬ್ಬಳ್ಳಿಯ ಮಾರ್ಗವಾಗಿ ಹೋಗುವವರು ಹಾವೇರಿ ಬಂದಾಗ ಕಿಟಕಿಯಿಂದ ಮಕ್ಕಳಿಗೆ ನಿಲ್ದಾಣದ ಫಲಕ ತೋರಿಸಿರಿ. ಆ ನಿಲ್ದಾಣಕ್ಕೆ ಈಗ ಮಹದೇವಪ್ಪ ಮೈಲಾರರ ಹೆಸರಿದೆ. ಅವರು ಯಾರೆಂದು ಮಕ್ಕಳು ಕೇಳಿದರೆ, ನಮ್ಮ ಹಾಗೆ ತಬ್ಬಿಬ್ಬಾಗದೆ ಉತ್ತರ ಹೇಳಿರಿ.