ಹಳೇ ಸೈಕಲ್‌ಗೆ ದೊಡ್ಡ ಚಕ್ರ, ಅಗಲ ಟಯರ್ ಹಾಕಬಹುದೇ? ಇಂಚಿನ ಲೆಕ್ಕ ನಂಬುವ ಮೊದಲು ಇದನ್ನು ಓದಿ

“ಹಳೇ ಸೈಕಲ್‌ಗೆ ದೊಡ್ಡ ಚಕ್ರ ಹಾಕಿಸಿ, ವೇಗ ಹೆಚ್ಚುತ್ತದೆ.” “ಅಗಲ ಟಯರ್ ಹಾಕಿದರೆ ತುಳಿಯುವುದು ಭಾರ.” “26 ಇಂಚು ಅಂದರೆ ಎಲ್ಲಾ ಟಯರ್ ಒಂದೇ.” ಸೈಕಲ್ ವಿಷಯ ಬಂದಾಗ ಇಂಥ ಸಲಹೆಗಳು ಧಾರಾಳವಾಗಿ ಸಿಗುತ್ತವೆ. ಮೊದಲ ಎರಡು ಅರ್ಧಸತ್ಯ. ಮೂರನೆಯದು ಪೂರ್ತಿ ತಪ್ಪು, ಅಪಾಯಕಾರಿಯೂ ಹೌದು.

ಇಂಚು ಏಕೆ ಮೋಸ ಮಾಡುತ್ತದೆ?

ಟಯರ್ ಮೇಲಿನ ಇಂಚಿನ ಸಂಖ್ಯೆ ಹಳೇ ಕಾಲದ ಅಂದಾಜು ಅಳತೆ. ಅದು ರಿಮ್‌ನ ಗಾತ್ರವಲ್ಲ. ಸರಿಯಾದ ಅಳತೆ ಟಯರ್‌ನ ಪಕ್ಕದಲ್ಲಿ 37-590 ಎಂಬಂತೆ ಅಚ್ಚಾಗಿರುತ್ತದೆ. ಇದು ಐಎಸ್‌ಒ 5775 ಮಾನದಂಡದ ಗುರುತು. ಮೊದಲ ಸಂಖ್ಯೆ ಟಯರ್‌ನ ಅಗಲ, ಎರಡನೆಯದು ಟಯರ್ ಕೂರುವ ರಿಮ್‌ನ ವ್ಯಾಸ. ಎರಡೂ ಮಿಲಿಮೀಟರ್‌ನಲ್ಲಿ.

ಈಗ ಹೋಲಿಸಿ ನೋಡಿ:

• ಹಾಲಿನ ಕ್ಯಾನ್ ಹೊರುವ ನಮ್ಮ ಕಪ್ಪು ಸೈಕಲ್‌ನ 28 × 1½ ಟಯರ್: ರಿಮ್ 635 ಮಿ.ಮೀ.
• ಹಳೇ ರೇಸಿಂಗ್ ಸೈಕಲ್‌ಗಳ 27 × 1¼: ರಿಮ್ 630 ಮಿ.ಮೀ.
• ಈಗಿನ 700ಸಿ (ಇದನ್ನೂ 28 ಇಂಚು ಎನ್ನುತ್ತಾರೆ, 29 ಇಂಚಿನ ಎಂಟಿಬಿಗೂ ಇದೇ ರಿಮ್): 622 ಮಿ.ಮೀ.
• ತೆಳು ಟಯರ್‌ನ 26 × 1⅜: ರಿಮ್ 590 ಮಿ.ಮೀ.
• ದಪ್ಪ ಟಯರ್‌ನ 26 ಇಂಚಿನ ಎಂಟಿಬಿ: ರಿಮ್ 559 ಮಿ.ಮೀ.

ಅಂದರೆ 27 ಇಂಚಿನ ರಿಮ್ಮೇ ಈಗಿನ “28 ಇಂಚಿನ” ರಿಮ್‌ಗಿಂತ ದೊಡ್ಡದು! 590ರ ಟಯರನ್ನು 559ರ ರಿಮ್‌ಗೆ ಹಾಕಿದರೆ ಅದು ಸಡಿಲವಾಗಿ ಕೂರುತ್ತದೆ. ಗಾಳಿ ತುಂಬಿದಾಗ ಅಂಚು ಹೊರಬಂದು ಟ್ಯೂಬ್ ಒಡೆಯಬಹುದು. ಇಳಿಜಾರಿನಲ್ಲಿ ಹೀಗಾದರೆ ಬೀಳುವುದು ಖಚಿತ ಎಂದೇ ಇಟ್ಟುಕೊಳ್ಳಿ.

ದೊಡ್ಡ ಚಕ್ರ ಹಾಕಿದರೆ ವೇಗ ಹೆಚ್ಚುತ್ತದೆಯೇ?

ಚಕ್ರದ ಒಟ್ಟು ವ್ಯಾಸ ತಿಳಿಯಲು ರಿಮ್ ವ್ಯಾಸಕ್ಕೆ ಟಯರ್ ಅಗಲದ ಎರಡರಷ್ಟನ್ನು ಕೂಡಿಸಿ. 37-590 ಟಯರ್‌ಗೆ ಸುಮಾರು 664 ಮಿ.ಮೀ., 40-635ಕ್ಕೆ ಸುಮಾರು 715 ಮಿ.ಮೀ. ಇಂಥ ಬದಲಾವಣೆಯಿಂದ ಒಂದು ಪೆಡಲ್ ಸುತ್ತಿಗೆ ಸೈಕಲ್ ಶೇ. 7-8ರಷ್ಟು ಹೆಚ್ಚು ದೂರ ಹೋಗುತ್ತದೆ, ನಿಜ. ಆದರೆ ತುಳಿಯಲು ಬೇಕಾದ ಬಲವೂ ಅಷ್ಟೇ ಹೆಚ್ಚುತ್ತದೆ. ನಿಮ್ಮ ಕಾಲಿನ ಶಕ್ತಿ ಬದಲಾಗಿಲ್ಲವಲ್ಲ! ಹಿಂದಿನ ಫ್ರೀವೀಲ್ 18 ಹಲ್ಲಿನದಿದ್ದರೆ 17 ಹಲ್ಲಿನದು ಹಾಕಿಸಿ. ಕಡಿಮೆ ಖರ್ಚಿನಲ್ಲಿ ಸುಮಾರು ಶೇ. 6ರಷ್ಟು ಅದೇ ಪರಿಣಾಮ ಸಿಗುತ್ತದೆ.

ದೊಡ್ಡ ತೊಡಕು ಬ್ರೇಕ್‌ನದು. ಮೇಲಿನ ಉದಾಹರಣೆಯಲ್ಲಿ ರಿಮ್‌ನ ಅಂಚು 22.5 ಮಿ.ಮೀ. ಹೊರಕ್ಕೆ ಸರಿಯುತ್ತದೆ. ಸಾಮಾನ್ಯ ಕ್ಯಾಲಿಪರ್ ಬ್ರೇಕ್‌ನಲ್ಲಿ ಪ್ಯಾಡ್ ಸರಿಸಲು ಸಿಗುವ ಜಾಗ ಒಂದು ಸೆಂಟಿಮೀಟರ್ ಆಸುಪಾಸು. ಪ್ಯಾಡ್ ರಿಮ್ ಬಿಟ್ಟು ಕೆಳಗೆ ಜಾರಿದರೆ ಕಡ್ಡಿಗಳಿಗೆ ಸಿಕ್ಕಿ ಚಕ್ರ ಗಕ್ಕನೆ ನಿಲ್ಲಬಹುದು. ಚಿಕ್ಕ ರಿಮ್ ಹಾಕಿದರೆ ಪ್ಯಾಡ್ ಟಯರನ್ನೇ ಉಜ್ಜಿ ಹರಿಯುತ್ತದೆ.

ಕಂಬಿ ಬ್ರೇಕ್ ಇರುವ ಕಪ್ಪು ಸೈಕಲ್‌ನಲ್ಲಿ ಸಮಸ್ಯೆ ಬೇರೆ. ಅದರ ಪ್ಯಾಡ್ ರಿಮ್‌ನ ಒಳಮುಖಕ್ಕೆ ಒತ್ತುತ್ತದೆ. ಈಗಿನ 700ಸಿ ರಿಮ್‌ಗಳಲ್ಲಿ ಅದಕ್ಕೆ ತಕ್ಕ ಒಳಮುಖವೇ ಇಲ್ಲ. ರಿಮ್ ಬದಲಿಸಿದರೆ ಬ್ರೇಕನ್ನೂ ಬದಲಿಸಬೇಕು.

ಸೀಟು, ಪೆಡಲ್ ಎರಡೂ ಸುಮಾರು ಎರಡೂವರೆ ಸೆಂಟಿಮೀಟರ್ ಮೇಲೇರುವುದರಿಂದ ನೆಲಕ್ಕೆ ಕಾಲು ಎಟುಕುವುದು ಕಷ್ಟವಾಗಬಹುದು. ತಿರುವಿನಲ್ಲಿ ಪಾದದ ತುದಿ ಮುಂದಿನ ಚಕ್ರಕ್ಕೆ ತಾಗಲೂಬಹುದು.

ಅಗಲ ಟಯರ್ ನಿಜಕ್ಕೂ ಭಾರವೇ?

ಗಾಳಿಯ ಒತ್ತಡ ಒಂದೇ ಇದ್ದರೆ ಅಗಲ ಟಯರ್ ನೆಲಕ್ಕೆ ತಾಗುವ ಜಾಗದ ವಿಸ್ತೀರ್ಣ ಹೆಚ್ಚೂಕಡಿಮೆ ತೆಳು ಟಯರ್‌ನಷ್ಟೇ. ಆದರೆ ಅದರ ಆಕಾರ ಗಿಡ್ಡ ಮತ್ತು ಅಗಲ. ಹಾಗಾಗಿ ಟಯರ್ ಕಡಿಮೆ ಬಾಗುತ್ತದೆ, ಶಕ್ತಿಯೂ ಕಡಿಮೆ ವ್ಯರ್ಥವಾಗುತ್ತದೆ. ಗುಂಡಿ, ಜಲ್ಲಿ ಇರುವ ರಸ್ತೆಯಲ್ಲಿ ಸ್ವಲ್ಪ ಕಡಿಮೆ ಗಾಳಿಯಲ್ಲೇ ಓಡಿಸಬಹುದು, ಬೆನ್ನಿಗೆ ಆರಾಮ. ದಪ್ಪ ರಬ್ಬರ್, ದೊಡ್ಡ ಗುಬಟುಗಳಿರುವ ಟಯರ್ ಮಾತ್ರ ಭಾರ ಎನಿಸುತ್ತದೆ. ಅದಕ್ಕೆ ಕಾರಣ ಅಗಲವಲ್ಲ.

ಹಾಗಾದರೆ ಏನು ಮಾಡಬಹುದು?

1. ಅದೇ ರಿಮ್‌ಗೆ ಸ್ವಲ್ಪ ಅಗಲ ಟಯರ್ ಹಾಕುವುದು ಸುಲಭದ ದಾರಿ. ಎರಡನೇ ಸಂಖ್ಯೆ ಹಾಗೇ ಇರಲಿ, ಮೊದಲನೆಯದು ಮಾತ್ರ ಹೆಚ್ಚಲಿ.

2. ಮೊದಲು ಜಾಗ ಅಳೆಯಿರಿ: ಫೋರ್ಕ್‌ನ ಒಳಗೆ, ಪೆಡಲ್ ಹಿಂದಿನ ಕೊಳವೆಗಳ ನಡುವೆ, ಬ್ರೇಕ್ ಕೆಳಗೆ, ಮಡ್‌ಗಾರ್ಡ್ ಒಳಗೆ. ಟಯರ್ ಅಗಲ 32ರಿಂದ 40ಕ್ಕೆ ಹೋದರೆ ಎರಡೂ ಬದಿಗೆ ತಲಾ 4 ಮಿ.ಮೀ., ಮೇಲಕ್ಕೆ ಸುಮಾರು 8 ಮಿ.ಮೀ. ಜಾಗ ಬೇಕು. ಹಾಕಿದ ಮೇಲೂ ಸುತ್ತ ಸುಮಾರು 6 ಮಿ.ಮೀ. ಉಳಿಯಬೇಕು.

3. ಜಾಗ ಸಾಲದಿದ್ದರೆ ಚಿಕ್ಕ ರಿಮ್, ಅಗಲ ಟಯರ್ ಎಂಬ ಉಪಾಯವಿದೆ. 27 ಇಂಚಿನ ಚಕ್ರದ ಬದಲು 700ಸಿ ಹಾಕಿದರೆ ಬ್ರೇಕ್ ಪ್ಯಾಡನ್ನು ಬರೀ 4 ಮಿ.ಮೀ. ಇಳಿಸಿದರೆ ಸಾಕು. 700ಸಿ ಫ್ರೇಮ್‌ಗೆ 584 ಮಿ.ಮೀ. ರಿಮ್ ಹಾಕುವವರೂ ಇದ್ದಾರೆ. 28-622 ಚಕ್ರದ ವ್ಯಾಸ 678, 42-584ರದ್ದು 668 ಮಿ.ಮೀ. ಎತ್ತರ ಹೆಚ್ಚು ಬದಲಾಗುವುದಿಲ್ಲ. ಆದರೆ ಬದಿಗಳಲ್ಲಿ 42 ಮಿ.ಮೀ. ಟಯರ್‌ಗೆ ಜಾಗವಿರಬೇಕು, ಉದ್ದ ತೋಳಿನ ಬ್ರೇಕ್ ಬೇಕು.

ಕೊನೆಯ ಮಾತು

ಅಗಲ ಟಯರ್ ತಪ್ಪಲ್ಲ, ದೊಡ್ಡ ಚಕ್ರ ಮಂತ್ರವೂ ಅಲ್ಲ. ಅಂಗಡಿಗೆ ಹೋಗುವಾಗ ಇಂಚು ಹೇಳಬೇಡಿ, ಹಳೇ ಟಯರ್‌ನ ಪಕ್ಕದಲ್ಲಿರುವ ಆ ಎರಡು ಸಂಖ್ಯೆಗಳ ಫೋಟೋ ತೆಗೆದುಕೊಂಡು ಹೋಗಿ. ಬದಲಾಯಿಸಿದ ಮೇಲೆ ಸೈಕಲ್ ಎತ್ತಿ ಚಕ್ರ ತಿರುಗಿಸಿ, ಬ್ರೇಕ್ ಪ್ಯಾಡ್ ಪೂರ್ತಿಯಾಗಿ ರಿಮ್‌ಗೇ ತಾಗುತ್ತಿದೆಯೇ ನೋಡಿ. ಆಮೇಲಷ್ಟೇ ರಸ್ತೆಗಿಳಿಯಿರಿ.