ನಮ್ಮೂರ ಹಬ್ಬಗಳು, ಬನಶಂಕರಿ ಜಾತ್ರಿ ಮತ್ತು ನಮ್ಮ ಸಂಘ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆದುಕೊಡಬೇಕೆಂದು ಆಡಳಿತ ಮಂಡಳಿಯವರು ನಮ್ಮನ್ನು ಕೇಳಿದರು. ಷೇರು, ಠೇವಣಿ, ಸಾಲ, ಬಾಕಿ ಇವೆಲ್ಲದರ ಲೆಕ್ಕವನ್ನು ಸೆಕ್ರೆಟರಿಯವರು ಇದೇ ಸಂಚಿಕೆಯಲ್ಲಿ ಪೈಸೆ ಬಿಡದೆ ಕೊಟ್ಟಿದ್ದಾರೆ. ಅದನ್ನೇ ನಾವು ತಿರುಗಿ ಬರೆದರೆ ಯಾರೂ ಓದಲಿಕ್ಕಿಲ್ಲ. ಆದ್ದರಿಂದ ಆ ರೊಕ್ಕ ವರ್ಷದ ಯಾವ ಯಾವ ದಿನ ನಮ್ಮೂರ ಮನೆಗಳಿಗೆ ಬೇಕಾಗುತ್ತಿತ್ತು, ಏತಕ್ಕೆ ಬೇಕಾಗುತ್ತಿತ್ತು ಎಂಬುದನ್ನು ನೆನಪಿದ್ದಷ್ಟು ಬರೆಯುತ್ತಿದ್ದೇವೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಸಹಕಾರದ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಹೆಮ್ಮೆ ಉಂಟು. 1904ರಲ್ಲಿ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಮಾಡಿತು. ಮರುವರ್ಷವೇ, ಅಂದರೆ 1905ರಲ್ಲಿ, ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಂಘ ಕಟ್ಟಿದರು. ಸಾಹುಕಾರರ ಬಡ್ಡಿಯಿಂದ ರೈತನನ್ನು ಬಿಡಿಸುವುದೇ ಅವರ ಉದ್ದೇಶವಾಗಿತ್ತು. ಅಲ್ಲಿಂದ ನಮ್ಮೂರಿಗೆ ಬಹಳ ದೂರವೇನೂ ಇಲ್ಲ. ಆದರೂ ನಮ್ಮೂರಿಗೆ ಸ್ವಂತದ ಸಂಘ ಬರಲು ಸುಮಾರು ನೂರು ವರ್ಷ ಬೇಕಾಯಿತು ಎಂಬುದನ್ನು ನಾಚಿಕೆಯಿಂದಲೇ ಹೇಳಬೇಕು.

"ಸಾಲ ಹುಟ್ಟೋದು ಹೊಲದಾಗ ಅಲ್ಲ, ಹಬ್ಬದಾಗ" ಎಂದು ಆಗಿನ ಸಾಹುಕಾರರು ನಗುತ್ತಿದ್ದರು. ಇದು ಅರ್ಧ ಸುಳ್ಳು. ಬೀಜಕ್ಕೂ, ಎತ್ತಿಗೂ, ಮದುವೆಗೂ ಸಾಲ ಆಗುತ್ತಿತ್ತು. ಆದರೆ ಪಂಚಮಿಯ ಮಟ್ಟಿಗೆ ಅವರು ಅಂದದ್ದು ನಿಜ. ಪಂಚಮಿ ಬರುವುದು ಶ್ರಾವಣದಲ್ಲಿ. ಮುಂಗಾರಿ ಪೈರು ಇನ್ನೂ ಹೊಲದಲ್ಲಿರುತ್ತದೆ, ಹಗೇವು ಖಾಲಿಯಾಗಿರುತ್ತದೆ, ಕೈಯಲ್ಲಿ ರೊಕ್ಕ ಇರುವುದಿಲ್ಲ. ಅದೇ ಹೊತ್ತಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರಬೇಕು. ಅಣ್ಣ ಕರೆಯಲು ಬರಲಿಲ್ಲ ಅಂದರೆ ಅತ್ತೆಮನೆಯಲ್ಲಿ ಮುಖ ಎತ್ತುವ ಹಾಗಿಲ್ಲ. ಕರೆತಂದ ಮೇಲೆ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು, ತಂಬಿಟ್ಟು ಆಗಬೇಕು. ಹೋಗುವಾಗ ಇಳಕಲ್ ಸೀರಿ, ಗುಳೇದಗುಡ್ಡದ ಖಣ ಕೊಡಬೇಕು. ಬೆಲ್ಲದ ಪೆಂಟಿಯನ್ನು ಉದ್ರಿ ತಂದು, ಸುಗ್ಗಿಯಲ್ಲಿ ಜೋಳದ ರಾಶಿ ಕಣದಿಂದಲೇ ಅಳೆದುಕೊಟ್ಟ ಮನೆಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದ್ದರಿಂದಲೇ ಸಂಘ ಹುಟ್ಟಿದ ಹೊಸತರಲ್ಲಿ "ವಾರಕ್ಕೊಮ್ಮೆ ಇಷ್ಟಿಷ್ಟು ಕಟ್ಟಿರಿ, ಪಂಚಮಿಗೆ ಒಮ್ಮೆಲೇ ತಗೊಳ್ರಿ" ಎಂದು ಮನೆಮನೆಗೆ ಹೇಳಿಕೊಂಡು ಬಂದೆವು. ಗಂಡಸರು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅವ್ವಂದಿರು ಹಾಕಿಕೊಂಡರು. ನಮ್ಮ ಸಂಘ ನಿಂತದ್ದು ಅವರು ಸೆರಗಿನ ಗಂಟಿನಿಂದ ಬಿಚ್ಚಿಕೊಟ್ಟ ರೊಕ್ಕದ ಮೇಲೆ. ಇದನ್ನು ಲೆಕ್ಕಪತ್ರದಲ್ಲಿ ಬರೆಯಲು ಕಾಲಂ ಇಲ್ಲ.

ಪಂಚಮಿಗೆ ಮೊದಲು ಕಾರಹುಣ್ಣಿಮೆ, ಅದರ ಹಿಂದೆಯೇ ಮಣ್ಣೆತ್ತಿನ ಅಮಾಸಿ. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಝೂಲ ಹಾಕಿ, ಸಂಜೆಗೆ ಅಗಸಿ ಮುಂದೆ ಕರಿ ಹರಿಯುತ್ತಿದ್ದರು. ಬಿಳಿ ಎತ್ತು ಮುಂದೆ ಬಂದರೆ ಬಿಳಿಜೋಳ, ಹತ್ತಿ ಚಲೋ. ಕೆಂದೆತ್ತು ಮುಂದೆ ಬಂದರೆ ಗೋದಿ, ಕಡಲಿ ಚಲೋ ಎಂಬ ನಂಬಿಕೆ. ಈಗಲೂ ಕರಿ ಹರಿಯುತ್ತದೆ. ಆದರೆ ಎತ್ತಿನ ಜೋಡಿ ಬೆರಳಲ್ಲಿ ಎಣಿಸುವಷ್ಟು ಮಾತ್ರ. ಹುಡುಗರು ಟ್ರ್ಯಾಕ್ಟರಿಗೆ ಬಲೂನು ಕಟ್ಟಿ ಪೂಜೆ ಮಾಡುತ್ತಾರೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಟ್ರ್ಯಾಕ್ಟರುಗಳಲ್ಲಿ ಕೆಲವಕ್ಕೆ ಸಾಲ ಕೊಟ್ಟವರು ನಾವೇ. ಎತ್ತಿಗೆ ಸಾಲ ಕೇಳಿ ಬಂದವರಿಗೆ "ಜೀವಾದಿ ಅದು, ಸತ್ತರೆ ಹೆಂಗ?" ಎಂದು ಎರಡೆರಡು ಜಾಮೀನು ಕೇಳಿದೆವು. ಟ್ರ್ಯಾಕ್ಟರಿಗೆ ಕೇಳಿದವರಿಗೆ ಬೇಗನೆ ಮಂಜೂರು ಮಾಡಿದೆವು. ಆಗ ಅದೇ ಶಾಣ್ಯಾತನ ಅನಿಸಿತ್ತು. ಎರಿಭೂಮಿಯಲ್ಲಿ ಹದ ಎರಡು ದಿನ ನಿಲ್ಲುವುದಿಲ್ಲ, ಟ್ರ್ಯಾಕ್ಟರಿನಿಂದ ಬಿತ್ತಿಗೆ ಹದಕ್ಕೆ ಸಿಕ್ಕಿತು, ಬೆಳೆಯೂ ಬಂತು. ಆದರೆ ಊರಿನಲ್ಲಿ ಎತ್ತು ಕಡಿಮೆಯಾದದ್ದರಲ್ಲಿ ನಮ್ಮ ಪಾಲೂ ಇದೆ. ತಿಪ್ಪಿಗೊಬ್ಬರ ಕಡಿಮೆಯಾಯಿತು, ಸರಕಾರಿ ಗೊಬ್ಬರದ ಉದ್ರಿ ಹೆಚ್ಚಾಯಿತು. ಅದೂ ನಮ್ಮ ಪುಸ್ತಕದಲ್ಲೇ ಇದೆ.

ಭಾದ್ರಪದದಲ್ಲಿ ಗಣಪ್ಪ ಬಂದುಹೋಗುವುದರೊಳಗೆ ಅಷ್ಟಮಿಗೆ ಜೋಕುಮಾರ ಹುಟ್ಟುತ್ತಾನೆ. ಬುಟ್ಟಿಯಲ್ಲಿ ಬೇವಿನ ಸೊಪ್ಪು ಹಾಸಿ, ಮಣ್ಣಿನ ಜೋಕುಮಾರನನ್ನು ಕೂಡಿಸಿಕೊಂಡು, ಬಾಯಿಗೆ ಬೆಣ್ಣೆ ಹಚ್ಚಿ, ಹೆಣ್ಣುಮಕ್ಕಳು ಹಾಡುತ್ತ ಮನೆಮನೆಗೆ ಬರುತ್ತಾರೆ. ಮರದಲ್ಲಿ ಜೋಳ ತಂದು ನೀಡುತ್ತೇವೆ. ಗಣಪ್ಪ ಹೋಳಿಗೆ ಕಡುಬು ಉಂಡು ಹೋಗಿ "ಭೂಲೋಕ ಸುಖವಾಗಿದೆ" ಎಂದು ಶಿವನಿಗೆ ಹೇಳಿದನಂತೆ. ಜೋಕುಮಾರ ಬಡವರ ಓಣಿ ಅಡ್ಡಾಡಿ "ಮಳಿ ಇಲ್ಲ, ಜನ ಸಾಯಾಕತ್ತಾರ" ಎಂದು ಖರೆ ಹೇಳಿದನಂತೆ. ಏಳೇ ದಿನದ ಬಾಳು ಅವನದು. ಹುಣ್ಣಿಮೆ ರಾತ್ರಿ ಸಾಯುತ್ತಾನೆ. ಸಾಲಾ ಸಮಿತಿಗೆ ಒಬ್ಬ ಜೋಕುಮಾರ ಇದ್ದರೆ ಚಲೋ ಎಂದು ನಾವು ಎಷ್ಟೋ ಸಲ ಚೇಷ್ಟೆ ಮಾಡಿದ್ದುಂಟು.

ಸೀಗಿ ಹುಣ್ಣಿಮೆ, ಎಳ್ಳ ಅಮಾಸಿ ಎರಡೂ ಹೊಲದ ಹಬ್ಬ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಕುಳಿತು ಉಣ್ಣುವುದು. ಈಗ ಪ್ಯಾಟಿ ಮಂದಿ ಶನಿವಾರ ರವಿವಾರ ಕಾರು ತಗೊಂಡು ಹೊರಗೆ ಹೋಗುತ್ತಾರಲ್ಲ, ನಮಗೆ ಅದನ್ನು ನಮ್ಮ ಹೊಲವೇ ಕೊಡುತ್ತಿತ್ತು. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆದುಕೊಂಡು ಹೋಗುತ್ತಿದ್ದರು, ಇದು ನಿಂತಿಲ್ಲ.

2009ರಲ್ಲಿ ಆ ಹುಣ್ಣಿಮೆ ಆಗಲಿಲ್ಲ. ದಸರಾ ಮುಗಿದು ಸೀಗಿ ಹುಣ್ಣಿಮೆಗೆ ಇನ್ನೂ ಕೆಲವೇ ದಿನ ಇತ್ತು. ಮಲಪ್ರಭೆ, ಬೆಣ್ಣಿಹಳ್ಳ ಎರಡೂ ಕೂಡಿ ಬಂದವು. ಮತ್ತೆ 2019ರ ಆಗಸ್ಟಿನಲ್ಲಿ ಪಂಚಮಿ ಮುಗಿಯುವುದೇ ತಡ, ಹೊಳಿ ಊರೊಳಗೆ ಬಂತು. ತವರಿಗೆ ಬಂದ ಹೆಣ್ಣುಮಕ್ಕಳು ಮಕ್ಕಳನ್ನು ಎತ್ತಿಕೊಂಡು ಎತ್ತರದ ಶಾಲೆಗೆ ಓಡಿದರು. ಡಬ್ಬಿಯಲ್ಲಿದ್ದ ಉಂಡಿಯೇ ಎರಡು ದಿನ ಊರಿನ ಊಟವಾಯಿತು. ಸಂಘದ ಕಚೇರಿಯಲ್ಲಿ ಟೊಂಕದ ಮಟ ನೀರು. ಲೆಡ್ಜರುಗಳನ್ನು ತಲೆಯ ಮೇಲೆ ಹೊತ್ತು ತಂದು ಶಾಲೆಯ ಮಾಳಿಗೆಯಲ್ಲಿ ಹಾಳೆ ಹಾಳೆ ಬಿಡಿಸಿ ಒಣಗಿಸಿದೆವು. ಕೆಲವು ಖಾತೆಗಳ ಮಸಿ ತೊಳೆದುಹೋಗಿತ್ತು. ಆಗ ಸದಸ್ಯರನ್ನೇ ಕರೆದು "ನಿಮ್ಮ ಸಾಲ ಎಷ್ಟಿತ್ತು, ನೀವೇ ಹೇಳ್ರಿ" ಎಂದು ಕೇಳುವುದಾಯಿತು. ಹೆಚ್ಚಿನವರು ಇದ್ದದ್ದನ್ನೇ ಹೇಳಿದರು. ಒಂದಿಬ್ಬರು ಕಡಿಮೆ ಹೇಳಿದರು, ಅವರು ಯಾರೆಂದು ಊರಿಗೆ ಗೊತ್ತು, ಇಲ್ಲಿ ಬರೆಯುವ ಕಾರಣವಿಲ್ಲ.

ಇನ್ನು ಬನಶಂಕರಿ ಜಾತ್ರಿ. ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ಅದಕ್ಕೆ ಮೊದಲು ಪಲ್ಯದ ಹಬ್ಬ, ಅಂದು ತಾಯಿಗೆ 108 ಬಗೆಯ ಕಾಯಿಪಲ್ಯದ ನೈವೇದ್ಯ. ಸುಗ್ಗಿಯ ಮೊದಲ ರೊಕ್ಕ ಕೈಗೆ ಬರುವ ಹೊತ್ತು ಅದು. ಆದ್ದರಿಂದ ಊರೇ ಚಕ್ಕಡಿ ಹೂಡುತ್ತಿತ್ತು. ಕೊಲ್ಲಾರಿ ಕಟ್ಟಿ, ಮೆತ್ತಗೆ ಕಣಿಕಿ ಹಾಸಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಗಂಟು ಕಟ್ಟಿ, ರಾತ್ರಿ ಹೊರಟರೆ ಬೆಳಗಾಗುವಾಗ ಹರಿದ್ರಾತೀರ್ಥದ ದಂಡೆ. ಜಾತ್ರೆಯಲ್ಲಿ ತಿಂಗಳುಗಟ್ಟಲೆ ನಾಟಕ ಕಂಪನಿಗಳು ಇರುತ್ತವೆ. ರಾತ್ರಿ ನಾಟಕ, ಹಗಲು ಬಾದಾಮಿ ಮೇಣಬಸದಿ. 578ರಲ್ಲಿ ಮಂಗಲೇಶ ಮಾಡಿಸಿದ ಮೂರನೆಯ ಗುಹೆಯ ಕಂಬಗಳಿಗೆ ಒರಗಿ ರೊಟ್ಟಿ ತಿಂದ ದಿನಗಳೂ ಇದ್ದವು. ಈಗ ಹಾಗೆ ತಿನ್ನಗೊಡುವುದಿಲ್ಲ, ಅದು ಸರಿಯೇ. ಪುರಸೊತ್ತು ಇದ್ದವರು ಮಹಾಕೂಟ, ಶಿವಯೋಗಮಂದಿರ, ಪಟ್ಟದಕಲ್ಲು, ಐಹೊಳೆ ಸುತ್ತಿ ಬರುತ್ತಿದ್ದರು. 1987ರಲ್ಲಿ ಪಟ್ಟದಕಲ್ಲು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿದ್ದು ನಮಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ನಮಗೆ ಅದು ಎತ್ತಿಗೆ ನೀರು ಕುಡಿಸುವ ಹೊಳೆದಂಡೆಯಾಗಿತ್ತು.

ಸಂಘದ ಖರ್ಚಿನಲ್ಲಿ ಸದಸ್ಯರಿಗೆ ಪ್ರವಾಸ ಮಾಡಿಸಬೇಕೆಂದು ಒಂದು ವಾರ್ಷಿಕ ಸಭೆಯಲ್ಲಿ ಬೇಡಿಕೆ ಬಂತು. ಹಂಪಿ, ತುಂಗಭದ್ರಾ ಡ್ಯಾಮು, ಜೋಗ ಎಂದು ಪಟ್ಟಿಯೂ ಆಯಿತು. ಜೋರು ವಾದವೇ ನಡೆಯಿತು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು, "ನನ್ನ ರೊಕ್ಕದಾಗ ಇವ್ರು ಡ್ಯಾಮು ನೋಡಿ ಬರೋದು, ನಾ ಇಲ್ಲೇ ರೊಟ್ಟಿ ಬಡಿಯೋದು, ಇದು ಯಾವ ನ್ಯಾಯರೀ ಯಪ್ಪಾ?" ಎಂದು ಕೇಳಿದಳು. ಸಭೆ ತಣ್ಣಗಾಯಿತು. ಪ್ರವಾಸ ಹೋಗುವವರು ತಮ್ಮ ಖರ್ಚಿನಲ್ಲೇ ಹೋಗಬೇಕೆಂದು ಠರಾವಾಯಿತು. ಆಕೆ ತವರುಮನೆ ಮತ್ತು ಬನಶಂಕರಿ ಬಿಟ್ಟು ಬೇರೆ ಊರು ಕಂಡವಳಲ್ಲ. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದ ಮೇಲೆ, ಆಧಾರ್ ಕಾರ್ಡನ್ನು ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು, ಓಣಿಯ ನಾಲ್ಕು ಜನರ ಸಂಗಡ ಕೂಡಲಸಂಗಮಕ್ಕೆ ಹೋಗಿ ಬಂದಳು. "ನಮ್ಮ ಹೊಳಿ ಅಲ್ಲೇ ಹೋಗಿ ಕೃಷ್ಣಿಗೆ ಕೂಡತೈತಿ ಅಂತ ಗೊತ್ತಿರಲಿಲ್ಲ ನೋಡ್ರಿ. ನಮ್ಮ ಮನಿ ಸಾಮಾನೆಲ್ಲ ಅಲ್ಲಿಗೇ ಹೋಗಿರಬೇಕು" ಎಂದು ನಮ್ಮ ಮುಂದೆ ಹೇಳಿ ನಕ್ಕಳು.

ನಮ್ಮೂರಿನಿಂದ ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಹೋದದ್ದು ಸಂಘ ಹುಟ್ಟಿದ ವರ್ಷವೇ ಕಡೆಯದು. ಬನಶಂಕರಿ ಜಾತ್ರಿ ಬಾಗಿಲು ಚೌಕಟ್ಟಿನ ವ್ಯಾಪಾರಕ್ಕೆ ಹೆಸರಾದದ್ದು. ನಮ್ಮ ಕಚೇರಿಗೂ ಒಂದು ಬಾಗಿಲು ಬೇಕಾಗಿತ್ತು. ಐದಾರು ಜನ ಕೂಡಿ, ದಿನವಿಡೀ ಚೌಕಾಸಿ ಮಾಡಿ, ಸಾಗವಾನಿಯದೊಂದು ಜೋಡಿ ಬಾಗಿಲು ಕೊಂಡು, ಹಗ್ಗದಿಂದ ಬಿಗಿದು ಚಕ್ಕಡಿಯಲ್ಲಿ ತಂದೆವು. ಬಾಗಿಲಿಗೆ ಜಾಗ ಬಿಟ್ಟು ನಾವು ಅರ್ಧ ದಾರಿ ನಡೆದೇ ಬಂದೆವು. 2019ರ ನೀರಿನಲ್ಲಿ ಮೂರು ದಿನ ನಿಂತು ಅದು ಉಬ್ಬಿಕೊಂಡಿತು. ಹೊಸದು ಹಾಕಿಸೋಣವೆಂದು ಎರಡು ಸಲ ಸಭೆಯಲ್ಲಿ ಬಂದರೂ ಯಾರೂ ಅನುಮೋದಿಸಲಿಲ್ಲ. ಮಳೆಗಾಲದಲ್ಲಿ ಅದು ಸರಿಯಾಗಿ ಕೂಡುವುದಿಲ್ಲ. ಸಂಜೆ ಕೀಲಿ ಹಾಕುವ ಮುಂದೆ ಸೆಕ್ರೆಟರಿಯವರು ಹೆಗಲು ಕೊಟ್ಟು ದೂಡುತ್ತಾರೆ, ಹಾದಿಯಲ್ಲಿ ಹೋಗುವವರು ಯಾರಾದರೂ ನಿಂತು ಒಂದು ಕೈ ಹಚ್ಚುತ್ತಾರೆ.