ಖಾಲಿಯಾಗಿದ್ದಲ್ಲ, ಸೋರಿದ್ದು

1960ರ ದಶಕದಲ್ಲಿ, ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿದ ತರುಣರೊಬ್ಬರು ಸಿಕಂದರಾಬಾದಿನ ಫ್ರಿಜ್ ಕಂಪನಿಯೊಂದಕ್ಕೆ ಕೆಲಸಕ್ಕೆ ಸೇರಿದರು. ಫ್ರಿಜ್ಜಿನೊಳಗಿನ ಗ್ಯಾಸ್ ಯಾಕೆ ಸೋರಿಹೋಗುತ್ತಿದೆ ಎಂದು ಕಂಡುಹಿಡಿಯುವುದು ಅವರ ಪಾಲಿಗೆ ಬಂದ ಕೆಲಸ. ಕಂಪನಿಯ ಲೆಕ್ಕದಲ್ಲಿ ಅದೊಂದು ನಷ್ಟದ ಬಾಬ್ತು, ಅಷ್ಟೆ. ಸೋರಿದ ಗ್ಯಾಸ್ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಕಾಲ ಇನ್ನೂ ಬಂದಿರಲಿಲ್ಲ.

ಅದು ಬರದಿರುವುದಕ್ಕೂ ಒಂದು ಕಾರಣವಿದೆ. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕೆ ಗಾಳಿಯ ತೇವ ಹತೋಟಿಯಲ್ಲಿಡುವ ಯಂತ್ರ ರೂಪಿಸಿದಾಗ, ತಂಪು ಮಾಡುವ ಉದ್ಯಮ ನೆಚ್ಚಿಕೊಂಡಿದ್ದು ಅಮೋನಿಯಾದಂಥ ವಿಷಾನಿಲಗಳನ್ನು. ಅವು ಸೋರಿದರೆ ಮೂಗಿಗೆ ಗೊತ್ತಾಗುತ್ತಿತ್ತು. ಕೆಲವೊಮ್ಮೆ ಜೀವವೇ ಹೋಗುತ್ತಿತ್ತು. 1928ರಲ್ಲಿ ಥಾಮಸ್ ಮಿಡ್ಗ್ಲಿ ಮತ್ತು ಸಂಗಡಿಗರು ಕ್ಲೋರೋಫ್ಲೋರೋಕಾರ್ಬನ್, ಅಂದರೆ ಸಿಎಫ್‌ಸಿ, ಅನಿಲವನ್ನು ಈ ಕೆಲಸಕ್ಕೆ ತಂದರು. ವಾಸನೆಯಿಲ್ಲ, ಉರಿಯುವುದಿಲ್ಲ, ವಿಷವೂ ಅಲ್ಲ. ಗ್ಯಾಸ್ ನಿರಪಾಯಕಾರಿ ಎಂದಾದ ಮೇಲೆ ಸೋರಿಕೆಯೂ ಸಣ್ಣ ಸಂಗತಿಯಾಯಿತು.

ಆ ತರುಣ ವೀರಭದ್ರನ್ ರಾಮನಾಥನ್. ಹುಡುಗುತನದ ಕೆಲವು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದಿದ್ದ ಅವರು ಮುಂದೆ ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದರು. ಶುಕ್ರ, ಮಂಗಳ ಗ್ರಹಗಳ ವಾತಾವರಣದ ಅಧ್ಯಯನ ಅವರದಾಗಿತ್ತು. ಸಿಎಫ್‌ಸಿ ಮೇಲೇರಿ ಓಝೋನ್ ಪದರವನ್ನು ಹಾಳುಮಾಡಬಲ್ಲದು ಎಂದು 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲಂಡ್ ಬರೆದರು. ರಾಮನಾಥನ್ ಅದೇ ಗ್ಯಾಸಿನ ಬಗ್ಗೆ ಬೇರೆ ಪ್ರಶ್ನೆ ಹಾಕಿಕೊಂಡರು: ಇದು ಭೂಮಿಯ ಶಾಖವನ್ನು ಎಷ್ಟು ಹಿಡಿದಿಡುತ್ತದೆ? 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಉತ್ತರ ಬೆಚ್ಚಿಬೀಳಿಸುವಂಥದ್ದು. ಸಿಎಫ್‌ಸಿಯ ಒಂದು ಅಣು ಇಂಗಾಲದ ಡೈಆಕ್ಸೈಡಿನ ಸುಮಾರು 10,000 ಅಣುಗಳಷ್ಟು ಶಾಖ ಹಿಡಿಯುತ್ತಿತ್ತು.

1987ರ ಮಾಂಟ್ರಿಯಲ್ ಒಪ್ಪಂದ ಓಝೋನಿಗಾಗಿ ಆದದ್ದು; ಭಾರತ 1992ರಲ್ಲಿ ಅದನ್ನು ಸೇರಿತು. ಸಿಎಫ್‌ಸಿ ಹೋಯಿತು. ಮನೆಯ ಎಸಿಗಳಲ್ಲಿ ಬಹುಕಾಲ ಆರ್-22 ಇತ್ತು, ಆಮೇಲೆ ಆರ್-410ಎ, ಈಗ ಹೆಚ್ಚಾಗಿ ಆರ್-32. ಕೊನೆಯ ಎರಡಕ್ಕೆ ಓಝೋನಿನ ದೋಷವಿಲ್ಲ, ಶಾಖದ ದೋಷ ಉಳಿದಿದೆ. ಗ್ಯಾಸಿನ ಹೆಸರು ಬದಲಾಗುತ್ತ ಬಂತು. ಸೋರುವುದು ಮಾತ್ರ ಬದಲಾಗಲಿಲ್ಲ.

ಇದನ್ನು ನೋಡಲು ವಿಶಾಖಪಟ್ಟಣದ ಎಂವಿಪಿ ಕಾಲೋನಿ ತಕ್ಕ ಜಾಗ. ಮುವ್ವಲವಾನಿಪಾಲೆಂ ಎಂಬ ಹಳೆಯ ಊರ ಹೆಸರು ಮೂರು ಅಕ್ಷರಕ್ಕಿಳಿದ ಬಡಾವಣೆ ಇದು. ಸಮುದ್ರ ಪಕ್ಕದಲ್ಲೇ. ಉಪ್ಪುಗಾಳಿಗೆ ಎಸಿಯ ಹೊರಗಿನ ಯೂನಿಟ್ ಬೇಗ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ರೆಕ್ಕೆಗಳು ಪುಡಿಯಾಗುತ್ತವೆ, ಕೊಳವೆಯಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಆಗ ಇಲ್ಲಿನವರು ಹೇಳುವುದು ‘ಗ್ಯಾಸ್ ಅಯಿಪೋಯಿಂದಿ’ ಎಂದು. ಕನ್ನಡದಲ್ಲಿ ನಾವೂ ‘ಗ್ಯಾಸ್ ಖಾಲಿಯಾಗಿದೆ’ ಎನ್ನುತ್ತೇವೆ. ಅಡುಗೆಮನೆಯ ಸಿಲಿಂಡರಿನಿಂದ ಎರವಲು ತಂದ ಮಾತಿದು. ಆದರೆ ಎಸಿಯ ಗ್ಯಾಸ್ ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ಕೊಳವೆಯಲ್ಲಿ ಆವಿಯಾಗಿ, ಮತ್ತೆ ದ್ರವವಾಗಿ, ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಅದು ಸೋರಿದೆ ಎಂದೇ ಅರ್ಥ. ‘ಖಾಲಿ’ ಎಂದಾಗ ಮುಂದಿನ ಕೆಲಸ ತುಂಬಿಸುವುದು. ‘ಸೋರಿದೆ’ ಎಂದಾಗ ತೂತು ಹುಡುಕುವುದು.

ಲೆಕ್ಕ ನೋಡಿ. ಒಂದು ಕಿಲೋ ಆರ್-22, ನೂರು ವರ್ಷಗಳ ಅಳತೆಯಲ್ಲಿ, ಸುಮಾರು 1,810 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-410ಎ ಆದರೆ 2,088, ಆರ್-32 ಆದರೆ 675. ನಮ್ಮ ಗ್ರಿಡ್ಡಿನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಒಂದು ಕಿಲೋ ಆರ್-22 ಸೋರಿದರೆ ಸುಮಾರು 2,600 ಯೂನಿಟ್ ಉರಿಸಿದಂತೆ. ಗ್ಯಾಸ್ ಕಡಿಮೆಯಾದ ಎಸಿ ಹೆಚ್ಚು ಹೊತ್ತು ಓಡುವುದರಿಂದ ಬಿಲ್ಲೂ ಏರುತ್ತದೆ.

2016ರ ಅಕ್ಟೋಬರಿನಲ್ಲಿ ಕಿಗಾಲಿಯಲ್ಲಿ ಆದ ತಿದ್ದುಪಡಿ ಆರ್-410ಎ, ಆರ್-32 ಜಾತಿಯ ಗ್ಯಾಸುಗಳಿಗೆ ಗಡುವು ಹಾಕಿತು. 2021ರಲ್ಲಿ ಅನುಮೋದಿಸಿದ ಭಾರತ 2028ಕ್ಕೆ ಬಳಕೆಯನ್ನು ಸ್ಥಗಿತ ಮಟ್ಟಕ್ಕೆ ತಂದು 2047ರ ಹೊತ್ತಿಗೆ ಶೇ 85 ಇಳಿಸಬೇಕು. ಪ್ರೊಪೇನ್ ತುಂಬಿದ ಎಸಿಯನ್ನು ಗೋದ್ರೆಜ್ 2012ರಲ್ಲೇ ಇಲ್ಲಿ ಮಾರುಕಟ್ಟೆಗೆ ತಂದಿತ್ತು. ಅದರ ಶಾಖದೋಷ ನಗಣ್ಯ, ಉರಿಯುವ ಗುಣದಿಂದಾಗಿ ಎಚ್ಚರ ಬೇಕು. ಆದರೆ ಈಗಾಗಲೇ ಗೋಡೆಗಳ ಮೇಲೆ ಕೂತಿರುವ ಎಸಿಗಳೊಳಗಿನ ಗ್ಯಾಸಿನ ಗತಿಯನ್ನು ಯಾವ ಗಡುವೂ ತಾನಾಗಿ ತೀರ್ಮಾನಿಸದು.

ಅದು ಇರುವುದು ಮೆಕ್ಯಾನಿಕ್ಕಿನ ಕೈಯಲ್ಲಿ. 2019ರ ಭಾರತದ ಕೂಲಿಂಗ್ ಕ್ರಿಯಾ ಯೋಜನೆ ಒಂದು ಲಕ್ಷ ಮೆಕ್ಯಾನಿಕ್ಕುಗಳಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇಟ್ಟದ್ದು ಅದಕ್ಕೇ. ಒಳ್ಳೆಯ ಕೆಲಸಗಾರ ಮೊದಲು ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೊರೆ ಹಚ್ಚಿ ತೂತು ಹುಡುಕುತ್ತಾನೆ. ಬೆಸುಗೆ ಹಾಕಿ, ವ್ಯಾಕ್ಯೂಮ್ ಮಾಡಿ, ತೂಕ ನೋಡಿ ಗ್ಯಾಸ್ ತುಂಬುತ್ತಾನೆ. ಎಸಿ ಕಳಚುವ ಮುನ್ನ ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆದು ಬಂದ್ ಮಾಡುತ್ತಾನೆ, ಗಾಳಿಗೆ ಬಿಡುವುದಿಲ್ಲ. ಇದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಆ ಹೊತ್ತಿಗೆ ಕೂಲಿ ಕೊಡುವವರು ಬೇಕು.

ಪರಿಸರ ವೃತ್ತಿಯಲ್ಲಿರುವವರು ಕೈಹಾಕಬೇಕಾದ್ದು ಇಲ್ಲೇ. ಆಸ್ಪತ್ರೆ, ಕಾಲೇಜು, ಕಚೇರಿಗಳ ಆಡಿಟ್ ಮಾಡುವಾಗ ಅವರು ಕರೆಂಟ್ ಬಿಲ್ ಕೇಳುತ್ತಾರೆ. ಕೇಳಲೇಬೇಕು, ಎಸಿಯ ಹೊರೆಯಲ್ಲಿ ದೊಡ್ಡ ಪಾಲು ವಿದ್ಯುತ್ತಿನದೇ. ಬಿಸಿಲು ಬೀಳುವ ಕಿಟಕಿಗೆ ನೆರಳು, ಚಾವಣಿಗೆ ಬಿಳಿ ಬಣ್ಣ, 24 ಡಿಗ್ರಿ, ಫ್ಯಾನು, ಇವೆಲ್ಲ ಸರಿ. ಜೊತೆಗೆ ಇನ್ನೊಂದು ರಸೀದಿಯನ್ನೂ ಕೇಳಲಿ: ಈ ವರ್ಷ ಎಷ್ಟು ಕಿಲೋ ಗ್ಯಾಸ್ ತುಂಬಿಸಿದಿರಿ? ಹಳೆಯ ಎಸಿಗಳಿಗೆ ತುಂಬಿಸಿದ ಪ್ರತಿ ಕಿಲೋ, ಸೋರಿಹೋದ ಒಂದು ಕಿಲೋ. ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ ತೂತು ಮುಚ್ಚದೆ ಗ್ಯಾಸ್ ತುಂಬುವಂತಿಲ್ಲ ಎಂಬ ಒಂದು ಸಾಲು ಸೇರಿಸಿದರೆ, ಸಿಕಂದರಾಬಾದಿನಲ್ಲಿ ನಷ್ಟದ ಬಾಬ್ತಾಗಿದ್ದ ಪ್ರಶ್ನೆಗೆ ಅದರ ನಿಜವಾದ ಬೆಲೆ ಸಿಗುತ್ತದೆ.